ಸದ್ದು ನಿಂತರೆ ಸಾಲದು

ನೆಲಮಂಗಲದಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ತುಮಕೂರಿನ ಕಡೆ ಹೊರಟರೆ ಇನ್ನೊಂದು ಕುಣಿಗಲ್, ಹಾಸನ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟುತ್ತದೆ. ಈ ಕವಲಿನ ಆಸುಪಾಸಿನ ವೆಲ್ಡಿಂಗ್ ಶೆಡ್‌ಗಳಲ್ಲಿ ದಿನವೂ ಕೇಳಿಬರುವ ಮಾತು ಇದು: "ಸೌಂಡ್ ಜಾಸ್ತಿ ಆಗಿದೆ ಅಣ್ಣಾ, ಸೈಲೆನ್ಸರ್‌ಗೆ ಒಂದು ವೆಲ್ಡಿಂಗ್ ಹೊಡ್ದುಬಿಡಿ." ಹೊಡೆಯುತ್ತಾರೆ. ಸದ್ದು ಇಳಿಯುತ್ತದೆ. ಗಾಡಿ ಹೊರಡುತ್ತದೆ. ಎರಡು ತಿಂಗಳಾದ ಮೇಲೆ ಅದೇ ಗಾಡಿ, ಅದೇ ಜಾಗದ ಪಕ್ಕದಲ್ಲೇ ಇನ್ನೊಂದು ಬಿರುಕು.

ಹೊಗೆ ಸೋರಿಕೆಯನ್ನು ನಾವು ಸದ್ದಿನ ತೊಂದರೆ ಎಂದು ತಿಳಿದಿರುವುದೇ ಈ ಸುತ್ತಾಟಕ್ಕೆ ಕಾರಣ. ಅದು ಮೊದಲಿಗೆ ಅನಿಲದ ತೊಂದರೆ, ಆಮೇಲೆ ಬಿಸಿಯ ತೊಂದರೆ, ಕೊನೆಯಲ್ಲಿ ಸದ್ದಿನದು. ಹಿಂಬದಿಯ ಸೈಲೆನ್ಸರ್ ಡಬ್ಬಿ ತೂತಾದರೆ ಇಡೀ ಬೀದಿಗೆ ಕೇಳುತ್ತದೆ, ಆದರೆ ಅಲ್ಲಿಂದ ಹೊರಟ ಹೊಗೆ ಹೆಚ್ಚಾಗಿ ಹಿಂದಕ್ಕೇ ಹೋಗುತ್ತದೆ. ಎಂಜಿನ್ ಪಕ್ಕದ ಮ್ಯಾನಿಫೋಲ್ಡ್ ಪ್ಯಾಕಿಂಗ್ ಸುಟ್ಟರೆ ಸಣ್ಣಗೆ ಟಿಕ್ ಟಿಕ್ ಅನ್ನುತ್ತದಷ್ಟೆ. ಬಿಸಿಯಾದ ಮೇಲೆ ಅದೂ ನಿಂತುಹೋಗುತ್ತದೆ. ಅಪಾಯ ಹೆಚ್ಚಿರುವುದು ಈ ಎರಡನೆಯದರಲ್ಲಿ.

ಆ ಸದ್ದು ಏಕೆ ನಿಲ್ಲುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಮ್ಯಾನಿಫೋಲ್ಡ್ ಎಂದರೆ ಪ್ರತಿ ಸಿಲಿಂಡರಿನಿಂದ ಹೊರಬರುವ ಹೊಗೆಯನ್ನು ಒಟ್ಟುಗೂಡಿಸಿ ಒಂದು ಪೈಪಿಗೆ ಕೊಡುವ ಬೀಡುಕಬ್ಬಿಣದ ಎರಕ. ಲೋಡ್ ಎಳೆಯುವ ಡೀಸೆಲ್ ಎಂಜಿನ್ನಿನಲ್ಲಿ ಅಲ್ಲಿನ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದನ್ನು ಬೋಲ್ಟ್ ಮಾಡಿರುವ ಸಿಲಿಂಡರ್ ಹೆಡ್ ಮಾತ್ರ ನೀರಿನಿಂದ ತಂಪಾಗಿ 90 ಡಿಗ್ರಿಯ ಸುತ್ತ ಇರುತ್ತದೆ. ಅರ್ಧ ಮೀಟರ್ ಉದ್ದದ ಎರಕ ಅಷ್ಟು ಬಿಸಿಯಾದಾಗ ಎರಡೂವರೆ ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಪಕ್ಕದ ಹೆಡ್ ಅಷ್ಟು ಹಿಗ್ಗುವುದಿಲ್ಲ. ಅಂದರೆ ಪ್ರತಿ ಸಲ ಎಂಜಿನ್ ಬಿಸಿಯಾಗಿ ತಣಿದಾಗಲೂ ಮ್ಯಾನಿಫೋಲ್ಡ್ ಪ್ಯಾಕಿಂಗಿನ ಮೇಲೆ ಉಜ್ಜಿಕೊಂಡು ಆಚೆ ಹೋಗಿ ಈಚೆ ಬರುತ್ತದೆ. ಸ್ಟಡ್ ಕೂರುವ ತೂತುಗಳನ್ನು ಕೊಂಚ ದೊಡ್ಡದಾಗಿ ಬಿಟ್ಟಿರುವುದು, ಉದ್ದನೆಯ ಲಾರಿ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡನ್ನು ಎರಡು ಮೂರು ತುಂಡಾಗಿ ಮಾಡಿ ಒಂದರೊಳಗೊಂದು ಜಾರುವಂತೆ ಕೂರಿಸಿರುವುದು ಇದೇ ಕಾರಣಕ್ಕೆ. ವರ್ಷಗಳು ಕಳೆದಂತೆ ಆ ಜಾರುವ ಜಾಗದಲ್ಲಿ ಕಿಟ್ಟ ಕಟ್ಟುತ್ತದೆ, ಸ್ಟಡ್ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಹಿಗ್ಗಲು ದಾರಿ ಸಿಗದ ಕಬ್ಬಿಣ ಒಂದೋ ಸ್ಟಡ್ ಮುರಿಯುತ್ತದೆ, ಇಲ್ಲವೇ ತಾನೇ ಬಿರಿಯುತ್ತದೆ. ಸಾಮಾನ್ಯವಾಗಿ ಮೊದಲು ಮುರಿಯುವುದು ತುದಿಯ ಸ್ಟಡ್, ಏಕೆಂದರೆ ಹಿಗ್ಗುವಿಕೆ ತುದಿಯಲ್ಲೇ ಹೆಚ್ಚು.

ತಣ್ಣಗಿದ್ದಾಗ ಈ ಬಿರುಕು ಬಾಯಿ ತೆರೆದಿರುತ್ತದೆ. ಬಿಸಿಯಾದಾಗ ಎರಕ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಸೋರಿಕೆ ಹುಡುಕಬೇಕಾದ ಹೊತ್ತು ಬೆಳಗಿನ ಮೊದಲ ಸ್ಟಾರ್ಟ್. ಹತ್ತು ಕಿಲೋಮೀಟರ್ ಓಡಿಸಿಕೊಂಡು ಬಂದು "ನೋಡಿ, ಸೋರ್ತಾ ಇದೆಯಾ?" ಎಂದು ಕೇಳಿದರೆ ಯಾವ ಮೇಸ್ತ್ರಿಯೂ ಹೇಳಲಾರ. ಗಾಡಿಯನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು ಬರುವುದು ಒಳ್ಳೆಯದು.

ಸ್ಟಾರ್ಟ್ ಮಾಡುವ ಮೊದಲೇ ಕಣ್ಣಿಗೆ ಕೆಲಸ ಕೊಡಬೇಕು. ಸೋರಿದ ಜಾಗದಲ್ಲಿ ಮಸಿ ಕೂತಿರುತ್ತದೆ. ಮ್ಯಾನಿಫೋಲ್ಡಿಗೂ ಹೆಡ್ಡಿಗೂ ನಡುವೆ, ಟರ್ಬೊ ಕೂರುವ ಫ್ಲಾಂಜಿನ ಅಂಚಿನಲ್ಲಿ, ಪೈಪಿನ ತಿದಿಯಂಥ ಮಡಿಕೆಗಳಲ್ಲಿ, ಕ್ಲಾಂಪಿನ ಕೆಳಗೆ ಕಪ್ಪು ಗೆರೆ ಹರಡಿದ್ದರೆ ಹೊಗೆ ಅಲ್ಲಿಂದ ಹೊರಟಿದೆ ಎಂದೇ ಅರ್ಥ. ಪೆಟ್ರೋಲ್ ಗಾಡಿಯಲ್ಲಿ ಮಸಿ ಅಷ್ಟು ದಟ್ಟವಾಗಿರುವುದಿಲ್ಲ, ಬೂದು ಬಣ್ಣದ ಕಲೆ ಕಾಣಬಹುದು. ಸ್ಟಾರ್ಟ್ ಮಾಡಿದ ಮೇಲೆ ಒಂದು ಮೊಳ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಜಾಯಿಂಟ್‌ಗಳ ಹತ್ತಿರ ಒಯ್ದರೆ ಟಿಕ್ ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಊದುಬತ್ತಿಯೂ ಸಾಕು. ಉರಿಯುವ ಊದುಬತ್ತಿಯನ್ನು ಜಾಯಿಂಟಿನ ಬಳಿ ನಿಧಾನವಾಗಿ ಆಡಿಸಿದರೆ ಅದರ ನೆಟ್ಟಗಿನ ಹೊಗೆ ಸೋರಿಕೆಯ ಎದುರು ಚದುರುತ್ತದೆ. ಫ್ಯಾನ್ ಗಾಳಿ ಬೀಸುವ ಕಡೆ ಇದು ನಡೆಯುವುದಿಲ್ಲ. ಪೆಟ್ರೋಲ್ ಅಥವಾ ಗ್ಯಾಸ್ ಕಿಟ್ ಇರುವ ಗಾಡಿಯ ಹತ್ತಿರ ಬೆಂಕಿಯ ಯಾವ ಕಿಡಿಯನ್ನೂ ತರಲೇಬಾರದು.

ನನಗೆ ಹೆಚ್ಚು ನಂಬಿಕೆ ಇರುವ ವಿಧಾನ ಸೋಪು ನೀರಿನದು. ಎಂಜಿನ್ ಆಫ್, ಪೂರ್ತಿ ತಣ್ಣಗೆ. ಹಿಂದಿನ ಪೈಪಿನ ಬಾಯಿಗೆ ಬಟ್ಟೆ ಸುತ್ತಿ, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಬಹಳ ಕಡಿಮೆ ಒತ್ತಡದಲ್ಲಿ ಗಾಳಿ ಬಿಡುವುದು. ಜಾಯಿಂಟ್‌ಗಳಿಗೆಲ್ಲ ಸೋಪು ನೀರು ಚಿಮುಕಿಸಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಟ್ಯೂಬಿನ ಪಂಕ್ಚರ್ ನೋಡುವವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೈ ಸುಡುವುದಿಲ್ಲ, ಹೊಗೆ ಕುಡಿಯಬೇಕಾಗಿಲ್ಲ, ಒಂದೇ ಸಲಕ್ಕೆ ಎಲ್ಲ ತೂತುಗಳೂ ಕಾಣುತ್ತವೆ. ಒಂದು ತೂತು ಮುಚ್ಚಿ ಕಳಿಸಿದ ಮೇಲೆ ಇನ್ನೊಂದು ಬಾಯಿ ಬಿಡುವ ಗೋಳು ತಪ್ಪುತ್ತದೆ.

ಟರ್ಬೊ ಇರುವ ಲಾರಿಗಳಲ್ಲಿ ಸೋರಿಕೆ ಇನ್ನೊಂದು ವೇಷದಲ್ಲಿ ಬರುತ್ತದೆ. ಟರ್ಬೊ ತಿರುಗುವುದೇ ಹೊಗೆಯ ಒತ್ತಡದಿಂದ. ಅದಕ್ಕಿಂತ ಮುಂಚೆಯೇ ಹೊಗೆ ಸೋರಿಹೋದರೆ ಟರ್ಬೊ ಸೊರಗುತ್ತದೆ, ಎಂಜಿನ್ನಿಗೆ ಹೋಗುವ ಗಾಳಿ ಕಡಿಮೆಯಾಗುತ್ತದೆ, ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆ ಬರುತ್ತದೆ. ಮಂಗಳೂರಿನಿಂದ ಲೋಡ್ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ "ಎಳೀತಿಲ್ಲ" ಎನ್ನುವ ಚಾಲಕ ಮರುದಿನ ಡೀಸೆಲ್ ಪಂಪು, ನಾಜಲ್ ಎಂದು ದೊಡ್ಡ ಬಿಲ್ಲಿಗೆ ಕೈ ಹಾಕುತ್ತಾನೆ. ಮೊದಲು ಟರ್ಬೊ ಪ್ಯಾಕಿಂಗ್ ನೋಡಿಸಿ ಎಂದು ಹೇಳುವ ಮೇಸ್ತ್ರಿ ಸಿಕ್ಕರೆ ಅದು ಆ ಚಾಲಕನ ಪುಣ್ಯ. ಆಕ್ಸಿಜನ್ ಸೆನ್ಸರ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಮೋಸ ಬೇರೆ ರೀತಿಯದು. ಪೈಪಿನೊಳಗೆ ಹೊಗೆ ಒಂದೇ ಸಮ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಒತ್ತಡ ಇಳಿದಾಗ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಸೆನ್ಸರ್ ಅದನ್ನು ಕಂಡು ಪೆಟ್ರೋಲ್ ಕಡಿಮೆಯಾಗಿದೆ ಎಂದು ತಿಳಿಯುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬಿತ್ತು ಎಂದು ಬಂದ ಗಾಡಿಯ ಕಾಯಿಲೆ ಕೆಲವೊಮ್ಮೆ ಹೊಗೆ ಪೈಪಿನಲ್ಲಿರುತ್ತದೆ.

ಇಷ್ಟೆಲ್ಲ ಹಣದ ಲೆಕ್ಕ. ಜೀವದ ಲೆಕ್ಕಕ್ಕೆ ಬರೋಣ. ಅದನ್ನು ದೋಣಿಯಿಂದಲೇ ಶುರು ಮಾಡೋಣ.

ಹೊಸಕೋಟೆಯಲ್ಲಿ 1998ರಿಂದ ಲಾರಿ ತಯಾರಿಸುತ್ತಿರುವ ವೋಲ್ವೊ ಹೆಸರು ಎಲ್ಲರಿಗೂ ಗೊತ್ತು. ಅದೇ ಬಳಗದ ವೋಲ್ವೊ ಪೆಂಟಾ 1959ರಲ್ಲಿ ಅಕ್ವಾಮ್ಯಾಟಿಕ್ ಎಂಬ ದೋಣಿ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಎಂಜಿನ್ ದೋಣಿಯ ಹಿಂಭಾಗದ ಒಳಗೆ, ಪ್ರೊಪೆಲರ್ ಇರುವ ಕಾಲು ಹೊರಗೆ ನೀರಿನಲ್ಲಿ. ಸ್ಟರ್ನ್‌ಡ್ರೈವ್ ಎನ್ನುವುದು ಇದನ್ನೇ. ಹಳೆಯ ಸ್ಟರ್ನ್‌ಡ್ರೈವ್ ದೋಣಿಗಳನ್ನು ಇಟ್ಟುಕೊಂಡವರ ದೊಡ್ಡ ತಲೆನೋವು ಹೊಗೆ ಸೋರಿಕೆ. ಅಲ್ಲಿ ಹೊಗೆಗೆ ನೀರು ಬೆರೆಸಿ ತಂಪು ಮಾಡಿ ಹೊರಗೆ ಬಿಡುತ್ತಾರೆ, ಆ ನೀರೇ ಎರಕವನ್ನು ಒಳಗಿನಿಂದ ತಿನ್ನುತ್ತದೆ. ಉಪ್ಪು ನೀರಾದರೆ ಇನ್ನೂ ಬೇಗ. ತೂತು ಹೊರಕ್ಕೆ ಬಿದ್ದರೆ ಹೊಗೆ ದೋಣಿಯ ಹೊಟ್ಟೆ ತುಂಬುತ್ತದೆ. ಒಳಕ್ಕೆ ಬಿದ್ದರೆ ನೀರು ಸಿಲಿಂಡರಿಗೆ ಇಳಿದು, ನೀರನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಮ್ಮ ರೈತರು ಟ್ರ್ಯಾಕ್ಟರಿನ ನೆಟ್ಟಗಿನ ಸೈಲೆನ್ಸರ್ ಬಾಯಿಗೆ ಮಳೆಗಾಲದಲ್ಲಿ ಖಾಲಿ ಡಬ್ಬ ಬೋರಲು ಹಾಕುವುದು ಇದೇ ಅನಾಹುತವನ್ನು ತಪ್ಪಿಸಲು.

ಬಯಲುಸೀಮೆಯ ನಮಗೆ ದೋಣಿಯ ವಿಷಯ ಏಕೆ ಎಂದರೆ, ಎಂಜಿನ್ನನ್ನು ಜನರ ಕಾಲ ಕೆಳಗೆ ಇಟ್ಟು ಮೇಲೊಂದು ಮುಚ್ಚಳ ಹಾಕಿದ ಗಾಡಿಗಳು ನಮ್ಮಲ್ಲೂ ಇವೆ. 1984ರಿಂದ 2019ರವರೆಗೆ ತಯಾರಾದ ಮಾರುತಿ ಆಮ್ನಿ ಅದರಲ್ಲಿ ಮುಖ್ಯವಾದದ್ದು. ಅದರ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹಳ್ಳಿಗಳಲ್ಲಿ ಹಳೆಯ ಆಮ್ನಿಗಳು ಈಗಲೂ ತರಕಾರಿ, ಹೂವು, ಮಕ್ಕಳನ್ನು ಹೊರುತ್ತಿವೆ. ಸೀಟಿನ ಕೆಳಗಿನ ಮುಚ್ಚಳದ ಸುತ್ತ ಇರುವ ರಬ್ಬರ್ ಬೀಡಿಂಗ್ ಕಿತ್ತುಹೋಗಿ, ಕೆಳಗೆ ಮ್ಯಾನಿಫೋಲ್ಡ್ ಪ್ಯಾಕಿಂಗೂ ಸುಟ್ಟಿದ್ದರೆ ಹೊಗೆ ನೇರವಾಗಿ ಒಳಗೆ ಬರುತ್ತದೆ. ಹಿಂದಿನ ಬಾಗಿಲು ತೆರೆದು ಸಾಮಾನು ಹೊರುವ ಅಭ್ಯಾಸ ಇನ್ನೊಂದು. ಓಡುವ ಗಾಡಿಯ ಹಿಂದೆ ಒತ್ತಡ ಕಡಿಮೆಯಾಗಿ, ಪೈಪಿನಿಂದ ಹೊರಬಿದ್ದ ಹೊಗೆಯನ್ನೇ ತೆರೆದ ಬಾಗಿಲು ಒಳಗೆ ಎಳೆದುಕೊಳ್ಳುತ್ತದೆ. ದೋಣಿಗಳಲ್ಲೂ ಹಿಂಬದಿಯಲ್ಲಿ ಕೂತವರಿಗೆ ಇದೇ ಅಪಾಯ.

ಒಳಗೆ ಬರುವ ಹೊಗೆಯಲ್ಲಿ ವಾಸನೆ ಇಲ್ಲದ, ಬಣ್ಣವಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಹಾಗೆ ಅಂಟಿದ್ದು ಬರೀ ಗಾಳಿಯಲ್ಲಿ ಕೂತರೆ ಅರ್ಧದಷ್ಟು ಬಿಡಲು ನಾಲ್ಕೈದು ಗಂಟೆ ಬೇಕು, ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಗೆ ಇಳಿಯುತ್ತದೆ. ಡೀಸೆಲ್ ಹೊಗೆಯಲ್ಲಿ ಈ ಅನಿಲ ಪೆಟ್ರೋಲಿಗಿಂತ ಬಹಳ ಕಡಿಮೆ. ಆದರೆ ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಎಂಜಿನ್ ಗುಡ್ಡದ ಪಕ್ಕ ಕೂತು ದಿನಕ್ಕೆ ಹನ್ನೆರಡು ಗಂಟೆ ಓಡಿಸುವ ಲಾರಿ ಚಾಲಕನಿಗೆ ಇದು ಸಣ್ಣ ಮಾತಲ್ಲ.

ಲಕ್ಷಣಗಳು ಮೋಸ ಮಾಡುತ್ತವೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು. ಮಕ್ಕಳು ವಾಂತಿ ಮಾಡಿಕೊಂಡರೆ "ಗಾಡಿ ಆಗಲ್ಲ ಇದಕ್ಕೆ" ಎಂದು ಸುಮ್ಮನಾಗುತ್ತೇವೆ. ಗಾಡಿಯಿಂದಿಳಿದ ಅರ್ಧ ಗಂಟೆಗೆ ತಲೆನೋವು ಕಡಿಮೆಯಾಗಿ, ಹತ್ತಿದೊಡನೆ ಮತ್ತೆ ಶುರುವಾಗುತ್ತಿದ್ದರೆ, ಅದರಲ್ಲೂ ಒಂದಕ್ಕಿಂತ ಹೆಚ್ಚು ಜನಕ್ಕೆ ಆಗುತ್ತಿದ್ದರೆ, ಗಾಡಿಯನ್ನೇ ಅನುಮಾನಿಸಬೇಕು. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98 ತೋರಿಸಬಹುದು. ಪ್ರಜ್ಞೆ ಮಂಕಾದವರನ್ನು ಮೊದಲು ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ವೈದ್ಯರಿಗೆ "ಗಾಡಿ ಹೊಗೆ ಕುಡಿದಿದ್ದಾರೆ" ಎಂದು ಬಾಯಿಬಿಟ್ಟು ಹೇಳಿ.

ಈಗ ರಿಪೇರಿ. ಅಂಟಿದ ಸ್ಟಡ್‌ಗೆ ಸ್ಪ್ಯಾನರ್ ಹಾಕಿ ಬಲ ಬಿಟ್ಟರೆ ಮುರಿಯುವುದು ಖಂಡಿತ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಮರುದಿನ ನಟ್ಟನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ, ಮುಂದಕ್ಕೊಂದಿಷ್ಟು ಹಿಂದಕ್ಕೊಂದಿಷ್ಟು ಆಡಿಸುತ್ತ ಬಿಚ್ಚಬೇಕು. ಮುರಿದೇ ಹೋದರೆ ಉಳಿದ ಮೊಟಕಿಗೆ ಒಂದು ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿ ತಿರುಗಿಸುವುದು ಒಳ್ಳೆಯ ಮೇಸ್ತ್ರಿಗಳ ದಾರಿ. ವೆಲ್ಡಿಂಗಿನ ಬಿಸಿಯೇ ತುಕ್ಕನ್ನು ಸಡಿಲಿಸುತ್ತದೆ. ಬಿಚ್ಚಿದ ಮ್ಯಾನಿಫೋಲ್ಡನ್ನು ಹಾಗೇ ಹೊಸ ಪ್ಯಾಕಿಂಗ್ ಹಾಕಿ ಕೂರಿಸುವುದು ನಮ್ಮಲ್ಲಿ ನಡೆಯುವ ದೊಡ್ಡ ತಪ್ಪು. ಸೋರುತ್ತಿದ್ದ ಎರಕ ಬಹುತೇಕ ಬಾಗಿರುತ್ತದೆ. ನೇರ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಬಾಗಿದ್ದರೆ ಬೋರಿಂಗ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಬೇಕು. ಫೇಸಿಂಗ್ ಇಲ್ಲದೆ ಹಾಕಿದ ಪ್ಯಾಕಿಂಗ್ ಬಹಳ ದಿನ ಬಾಳುವುದಿಲ್ಲ, ಎರಡು ಪ್ಯಾಕಿಂಗ್ ಒಟ್ಟಿಗೆ ಹಾಕಿದರೂ ಅಷ್ಟೆ. ಬಿಗಿಯುವಾಗ ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಹೋಗುವುದು, ಅದೂ ಒಂದೇ ಸಲಕ್ಕಲ್ಲ, ಎರಡು ಮೂರು ಸುತ್ತಿನಲ್ಲಿ. ತುದಿಯಿಂದ ಬಿಗಿದರೆ ನಡುವೆ ಉಬ್ಬು ಸಿಕ್ಕಿಬೀಳುತ್ತದೆ. ಹಿತ್ತಾಳೆ ನಟ್ ಹಾಕಿದರೆ ಮುಂದಿನ ಸಲ ಬಿಚ್ಚುವವನು ಹರಸುತ್ತಾನೆ, ಅದು ಸ್ಟಡ್ಡಿಗೆ ತುಕ್ಕಿನಿಂದ ಅಂಟುವುದಿಲ್ಲ.

ಬಿರಿದ ಬೀಡುಕಬ್ಬಿಣಕ್ಕೆ ಸಾಮಾನ್ಯ ರಾಡ್ ಹಿಡಿದು ವೆಲ್ಡಿಂಗ್ ಮಾಡಿದರೆ ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಆ ಎರಕದಲ್ಲಿ ಇಂಗಾಲ ಹೆಚ್ಚು, ಬೇಗ ತಣಿದಾಗ ಗಾಜಿನಂತೆ ಪೆಡಸಾಗುತ್ತದೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ತಡೆದು, ಇಡೀ ಎರಕವನ್ನು ಕಾಯಿಸಿ, ನಿಕಲ್ ರಾಡಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕುತ್ತ, ಕೊನೆಯಲ್ಲಿ ಒಣ ಮರಳಿನಲ್ಲೋ ಬೂದಿಯಲ್ಲೋ ಹೂತು ನಿಧಾನವಾಗಿ ತಣಿಯಲು ಬಿಡಬೇಕು. ಇಷ್ಟು ತಾಳ್ಮೆ ಇಲ್ಲದ ಕಡೆ ಹೊಸ ಮ್ಯಾನಿಫೋಲ್ಡ್ ಕೊಳ್ಳುವುದೇ ಅಗ್ಗ. ಬಿರುಕಿಗೆ ಪೇಸ್ಟ್ ಮೆತ್ತುವುದು ಊರು ಸೇರುವಷ್ಟು ಹೊತ್ತಿಗೆ ಮಾತ್ರ.

ಕೆಳಗಿನ ಪೈಪು, ಡಬ್ಬಿಗಳ ಕಥೆ ಸರಳ. ಒಂದು ಲೀಟರ್ ಪೆಟ್ರೋಲೋ ಡೀಸೆಲೋ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಮಾರುಕಟ್ಟೆಗೆ ಹೋಗಿ ಬರುವ ಸಣ್ಣ ಓಡಾಟದಲ್ಲಿ ಡಬ್ಬಿ ಪೂರ್ತಿ ಬಿಸಿಯಾಗದೆ ಆ ನೀರು ಒಳಗೇ ನಿಂತು ತುಕ್ಕು ಹಿಡಿಸುತ್ತದೆ. ಹೊರಗಿನಿಂದ ಬಣ್ಣ ಬಳಿದರೆ ಪ್ರಯೋಜನವಿಲ್ಲ. ಸ್ಕ್ರೂಡ್ರೈವರಿನಿಂದ ಒತ್ತಿದರೆ ಒಳಗಿಳಿಯುವ ಡಬ್ಬಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ, ಬದಲಾಯಿಸಬೇಕು. ಪೈಪು ಪದೇ ಪದೇ ಒಂದೇ ಕಡೆ ಬಿರಿಯುತ್ತಿದ್ದರೆ ಪೈಪನ್ನು ಬಿಟ್ಟು ಎಂಜಿನ್ ಮೌಂಟಿಂಗ್ ನೋಡಬೇಕು. ಮೌಂಟಿಂಗ್ ರಬ್ಬರ್ ಹೋಗಿ ಎಂಜಿನ್ ಅಲುಗಾಡಿದಾಗ ಆ ಬಲವೆಲ್ಲ ಬೀಳುವುದು ಪೈಪಿನ ಮೇಲೆ. ನೆಲಮಂಗಲದಲ್ಲಿ ಎರಡು ತಿಂಗಳಿಗೊಮ್ಮೆ ವೆಲ್ಡಿಂಗಿಗೆ ಬರುವ ಗಾಡಿಗಳಲ್ಲಿ ಹಲವಕ್ಕೆ ಬೇಕಾಗಿರುವುದು ಹೊಸ ಮೌಂಟಿಂಗ್, ನೇತಾಡಿಸುವ ಹೊಸ ರಬ್ಬರ್ ಅಷ್ಟೆ.

ಈ ಕೆಲಸ ಮಾಡುವ ಹುಡುಗರ ಬಗ್ಗೆ ಎರಡು ಮಾತು ಹೇಳಲೇಬೇಕು. ಹಳೆಯ ಎಂಜಿನ್ನುಗಳ ಪ್ಯಾಕಿಂಗ್, ಜನರೇಟರ್ ಪೈಪಿಗೆ ಸುತ್ತಿದ ಬಿಳಿ ಹಗ್ಗ ಎಷ್ಟೋ ಕಡೆ ಆಸ್ಬೆಸ್ಟಾಸ್. ಅದನ್ನು ಒಣಗಿದ್ದಂತೆ ಕೆರೆದು ಗಾಳಿ ಹೊಡೆದರೆ ಏಳುವ ಧೂಳು ಇಪ್ಪತ್ತು ಮೂವತ್ತು ವರ್ಷಗಳ ನಂತರ ಶ್ವಾಸಕೋಶದ ಕ್ಯಾನ್ಸರ್ ಆಗಿ ಬರಬಹುದು. ನೀರಿನಲ್ಲಿ ನೆನೆಸಿ ಕೆರೆಯಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಹೊಸದಾಗಿ ಸುತ್ತುವಾಗ ಗಾಜಿನ ನಾರಿನ ಹಗ್ಗ ಬಳಸಬೇಕು. ಇನ್ನೊಂದು, ತೇಪೆಗೆ ಜಿಐ ಪೈಪಿನ ತುಂಡು ವೆಲ್ಡ್ ಮಾಡುವುದು. ಅದರ ಮೇಲಿನ ಸತುವಿನ ಲೇಪ ಸುಟ್ಟು ಬರುವ ಬಿಳಿ ಹೊಗೆ ಕುಡಿದವರಿಗೆ ಅದೇ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಕಪ್ಪು ಕಬ್ಬಿಣದ ಪೈಪ್ ಬಳಸಿದರೆ ಆ ಪ್ರಶ್ನೆಯೇ ಬರುವುದಿಲ್ಲ. ವೆಲ್ಡಿಂಗಿಗೆ ಮೊದಲು ಗಾಡಿಯ ಬ್ಯಾಟರಿ ವೈರ್ ತೆಗೆಯುವುದನ್ನು ಮರೆಯಬಾರದು.

ಜನರೇಟರಿಗೆ ಬೇರೆಯದೇ ನಿಯಮವಿದೆ. ದೊಡ್ಡಬಳ್ಳಾಪುರದಂಥ ಮಗ್ಗದ ಊರಿನಲ್ಲಿ ಕೆಲಸದ ಜಾಗವೂ ಮನೆಯೂ ಒಂದೇ ಗೋಡೆ ಹಂಚಿಕೊಂಡಿರುವುದರಿಂದ ಇದು ಮುಖ್ಯ. ಹೊಗೆ ಕೊಳವೆ ಕಟ್ಟಡಕ್ಕಿಂತ ಎಷ್ಟು ಎತ್ತರವಿರಬೇಕು ಎಂಬುದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವಿದೆ: ಜನರೇಟರಿನ ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಬೇಕು. 25 ಕೆವಿಎ ಆದರೆ ಸೂರಿಗಿಂತ ಒಂದು ಮೀಟರ್, 100 ಕೆವಿಎ ಆದರೆ ಎರಡು ಮೀಟರ್. ಕೊಳವೆ ಎತ್ತರವಿದ್ದೂ ಕೆಳಗಿನ ಜಾಯಿಂಟ್ ಸೋರಿದರೆ ಎತ್ತರದಿಂದ ಏನೂ ಉಪಯೋಗವಿಲ್ಲ. ಅಂಗಡಿಯವರು ಎತ್ತಿಕೊಂಡು ಹೋಗುವ ಸಣ್ಣ ಪೆಟ್ರೋಲ್ ಜನರೇಟರನ್ನಂತೂ ಮಳೆ ಬಂತೆಂದು ಶಟರಿನ ಒಳಗೆ ಇಡಬಾರದು. ಅದಕ್ಕೆ ಸೋರಿಕೆಯೇ ಬೇಕಿಲ್ಲ.

ಸುಗ್ಗಿಯಲ್ಲಿ ಸೋರಿಕೆ ಬೆಂಕಿಯಾಗಿಯೂ ಬರುತ್ತದೆ. ರಾಗಿ ಹುಲ್ಲು ಹೇರುವಾಗ ಟ್ರ್ಯಾಕ್ಟರಿನ ಬಿರಿದ ಸೈಲೆನ್ಸರಿನಿಂದ ಹಾರುವ ಒಂದು ಕಿಡಿ ಬಣವೆಗೆ ಸಾಕು. ರಸ್ತೆಯಲ್ಲಿ ಹುರುಳಿ ಹರವಿದ ಕಡೆ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಹೊಗೆ ಪೈಪಿನ ಬಿಸಿಗೆ ಹೊತ್ತಿಕೊಂಡ ಸುದ್ದಿ ನಮ್ಮ ರಾಜ್ಯದಲ್ಲಿ ಹೊಸದಲ್ಲ. ಪೈಪ್ ಸೋರುತ್ತಿದ್ದರೆ ಬಳ್ಳಿಗೆ ತಗಲುವುದು ಬರೀ ಬಿಸಿ ಲೋಹವಲ್ಲ, ಉರಿಬಿಸಿಯ ಹೊಗೆಯೇ.

ಎಂಟು ವರ್ಷ ದಾಟಿದ ಸಾರಿಗೆ ವಾಹನಗಳು ವರ್ಷಕ್ಕೊಮ್ಮೆ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಪರೀಕ್ಷೆಗೆ, ಹೋಗುತ್ತವೆ. ಹಿಂದಿನ ಪೈಪಿನ ಬಾಯಿಗೆ ಕೊಳವೆ ಇಟ್ಟು ಹೊಗೆ ಅಳೆಯುವ ಪರೀಕ್ಷೆ ನಡುವೆ ಸೋರಿಹೋದದ್ದನ್ನು ಅಳೆಯಲಾರದು. ಅದನ್ನು ನೋಡಬೇಕಾದವರು ಮಾಲೀಕರೇ. ಮೇ ಕೊನೆಯಲ್ಲಿ ಶಾಲೆಗಳು ತೆರೆಯುವ ಮುನ್ನ, ಮಕ್ಕಳನ್ನು ಹಳೆಯ ವ್ಯಾನಿನಲ್ಲಿ ಕಳಿಸುವ ತಂದೆತಾಯಂದಿರು ವ್ಯಾನಿನವರನ್ನು ಎರಡು ವಿಷಯ ಕೇಳಿ: ಮ್ಯಾನಿಫೋಲ್ಡ್ ಪ್ಯಾಕಿಂಗ್ ನೋಡಿಸಿದ್ದೀರಾ, ಸೀಟಿನ ಕೆಳಗಿನ ಮುಚ್ಚಳದ ರಬ್ಬರ್ ಸರಿಯಿದೆಯಾ? ಇಲ್ಲವೆಂದರೆ ಖರ್ಚನ್ನು ನಾಲ್ಕು ಮನೆಯವರು ಹಂಚಿಕೊಂಡಾದರೂ ಮಾಡಿಸಿ. ಅದು ಆಗುವವರೆಗೆ ಮಕ್ಕಳನ್ನು ಆ ವ್ಯಾನಿಗೆ ಹತ್ತಿಸಬೇಡಿ.